ಮೊದಲ ಸುತ್ತಿನ ಗಾಲಿ

ಕಬ್ಬಿಣದ ಗಾಲಿ ಕೊಯ್ಯಲು ಗ್ಯಾಸ್ ಹಚ್ಚುವ ಮುಂಚೆ ಬೆಸುಗೆ ಕೆಲಸದ ಪಾಲಾಕ್ಷಪ್ಪ, ಕೊಯ್ಯಲೇ ಎಂದು ಮೂರು ಸಲ ಕೇಳುತ್ತಾನೆ. ಗಾಲಿ ಯಾರದೋ ಆ ಮನೆಯವರೇ ಅದರ ಮೇಲೆ ಕೈಯಿಟ್ಟು ಮೂರು ಸಲವೂ ಉತ್ತರ ಹೇಳಬೇಕು. ಎತ್ತಿನ ಬಂಡಿಗಳ ಕಾಲದಲ್ಲಿ ಅವನ ಅಪ್ಪನೂ ಹೀಗೇ ಕೇಳುತ್ತಿದ್ದನಂತೆ. ಹಗರಿಬೊಮ್ಮನಹಳ್ಳಿಯ ಅವನ ಶೆಡ್ಡಿಗೆ ನಮ್ಮ ಟ್ರ್ಯಾಕ್ಟರ್ ಒಯ್ದ ದಿನ ನನಗೆ ಈ ಪದ್ಧತಿ ಗೊತ್ತಿತ್ತು. ಗೊತ್ತಿದ್ದೇ ಹೋಗಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಹೇಳಬೇಕಾದ ಜಾಗದಲ್ಲಿ ನಾನು ಹೇಳಲಿಲ್ಲ.

ಆ ಟ್ರ್ಯಾಕ್ಟರ್ ನಮ್ಮಪ್ಪ ಹುಲುಗಣ್ಣನದು. ಯಾವುದೋ ಸರ್ಕಾರಿ ಬೀಜದ ಫಾರಂ ಮುಚ್ಚುವಾಗ ಗುಜರಿ ಸಾಮಾನಿನ ಜೊತೆ ಹರಾಜಾದದ್ದನ್ನು ಅಪ್ಪ ಹಿಡಿದಿದ್ದ. ಕಂಪನಿಯ ಹೆಸರಿದ್ದ ತಗಡು ನಾನು ಹುಟ್ಟುವ ಮೊದಲೇ ಉದುರಿಹೋಗಿತ್ತು. ಎಂಜಿನ್ ಸತ್ತಾಗ ಪಂಪ್‌ಸೆಟ್ಟಿನ ಎಂಜಿನ್ ಕೂರಿಸಿದ. ಮುಂದಿನ ಗಾಲಿಗಳಿಗೆ ಜೀಪಿನ ಟೈರು ಬಂದವು. ಹಿಂದಿನ ಎರಡು ಮಾತ್ರ ಹುಟ್ಟಿದಾಗಿನವೇ. ಎದೆಯೆತ್ತರದ ಕಬ್ಬಿಣದ ಗಾಲಿ, ಒಂದೊಂದಕ್ಕೂ ಹನ್ನೆರಡು ಚಪ್ಪಟೆ ಅರ, ಸುತ್ತಲೂ ಅಂಗೈಯಗಲದ ಹಲ್ಲು. ಹಲ್ಲು ಸವೆದಾಗಲೆಲ್ಲ ಅಪ್ಪ ರೈಲುಹಳಿಯ ತುಂಡು ಕಾಸಿ, ಬಡಿದು, ಹೊಸದು ಕೂರಿಸುತ್ತಿದ್ದ.

ಅದನ್ನು ಓಡಿಸುತ್ತಿದ್ದವಳು ಅಕ್ಕ ಜಂಬಕ್ಕ. ಗಂಡ ಸತ್ತು ತವರಿಗೆ ಬಂದಾಗ ಅವಳಿಗೆ ಇಪ್ಪತ್ತೆರಡು. ಅಪ್ಪನ ಸೊಂಟ ಹಿಡಿದುಕೊಂಡ ವರ್ಷ ಸೀರೆಯ ಮೇಲೆ ಅವನ ಅಂಗಿ ತೊಟ್ಟು ಸೀಟಿಗೆ ಹತ್ತಿದಳು. ಆಮೇಲೆ ಇಪ್ಪತ್ತು ವರ್ಷ ಆ ಸೀಟಿಗೆ ಬೇರೆಯವರು ಹತ್ತಲಿಲ್ಲ.

ನಮ್ಮೂರು ತಂಬ್ರಹಳ್ಳಿಯಿಂದ ಹೊಳೆಯ ಕಡೆಗೆ. ಅಣೆಕಟ್ಟಿನ ಹಿನ್ನೀರು ಚಳಿ ಕಳೆಯುವ ಹೊತ್ತಿಗೆ ಹಿಂದೆ ಸರಿದು, ಕಣ್ಣು ಹಾಯುವಷ್ಟು ದೂರ ಕಪ್ಪು ಮೆಕ್ಕಲು ಬಿಟ್ಟುಹೋಗುತ್ತದೆ. ನಮ್ಮ ತಾತಂದಿರ ಹೊಲಗಳು ಮುಳುಗಿದ್ದು ಅದರಡಿಯಲ್ಲೇ. ಈಗ ಅದು ಸರ್ಕಾರದ್ದು. ಯಾರಿಗೂ ಪಟ್ಟಾ ಇಲ್ಲ, ಗಡಿಕಲ್ಲುಗಳೆಲ್ಲ ಹೂಳಿನಲ್ಲಿವೆ. ಹಾಗಾಗಿ ಊರಿನವರು ತಾವೇ ಒಂದು ಕಟ್ಟಳೆ ಮಾಡಿಕೊಂಡಿದ್ದರು. ನೀರು ಸರಿದ ಮೇಲೆ ಯಾರ ಗಾಲಿ ಮೊದಲು ಸುತ್ತು ಬರುತ್ತದೋ, ಆ ಸುತ್ತಿನೊಳಗಿನ ನೆಲ ಒಂದು ಬೇಸಿಗೆಯ ಮಟ್ಟಿಗೆ ಅವರದು. ಹೆಸರುಕಾಳು, ಸಜ್ಜೆ, ಸೌತೆ, ಏನಾದರೂ ಹಾಕಿಕೊಳ್ಳಬಹುದು. ಆ ಮಣ್ಣು ಗೊಬ್ಬರ ಕೇಳುವುದಿಲ್ಲ.

ರಬ್ಬರ್ ಟೈರಿನವರು ಕೆಸರು ಗಟ್ಟಿಯಾಗುವವರೆಗೆ ಕಾಯಬೇಕು. ದೊಡ್ಡ ಟ್ರ್ಯಾಕ್ಟರಿನವರು ಟೈರಿನ ಪಕ್ಕಕ್ಕೆ ಕಬ್ಬಿಣದ ಕೇಜ್‌ವೀಲ್ ಕಟ್ಟಿಕೊಂಡು ಬಂದರೂ ಗಾಡಿ ಭಾರಕ್ಕೆ ಹೂತುಹೋಗುತ್ತದೆ, ಅವರಿಗೂ ಮೂರು ದಿನ ತಡ. ನಮ್ಮದು ಹಗುರ, ಗಾಲಿ ಎತ್ತರ. ಮೊಣಕಾಲುದ್ದದ ಕೆಸರಿನಲ್ಲೂ ಹಲ್ಲೂರಿಕೊಂಡು ಹೋಗುತ್ತಿತ್ತು. ಆ ಮೂರು ದಿನದೊಳಗೆ ಅಕ್ಕ ಏಳು ಸುತ್ತು ಹೊಡೆಯುತ್ತಿದ್ದಳು. ಒಂದು ನಮಗೆ. ಉಳಿದ ಆರು ಹೊನ್ನೂರಮ್ಮ, ಪಕ್ಕೀರಮ್ಮ, ಅಂಜಿನಕ್ಕನಂಥ ಎತ್ತಿಲ್ಲದ, ದುಡಿಯುವ ಗಂಡಸಿಲ್ಲದ ಆರು ಮನೆಗಳಿಗೆ. ಎಂಟನೆಯದನ್ನು ಹೊಡೆಯಲು ಡೀಸೆಲ್ ಉಳಿದಿದ್ದರೂ ಹೊಡೆಯುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಊರಿಗೂ ಹೊಳೆಗೂ ನಡುವೆ ಡಾಂಬರು ರಸ್ತೆ ಬಂತು. ಕಾದು ಕಾದು ಪಡೆದ ರಸ್ತೆ. ಕಬ್ಬಿಣದ ಗಾಲಿ ಅದನ್ನು ಮುಟ್ಟಬಾರದೆಂದು ದೈವ ಕಟ್ಟು ಹಾಕಿತು. ದೈವವೆಂದರೆ ನಮ್ಮಲ್ಲಿ ಗುಡಿಕಟ್ಟೆಯ ಮೇಲೆ ಕೂತು ನ್ಯಾಯ ಹೇಳುವ ಹಿರಿಯರು, ಅವರಲ್ಲಿ ಜೋಗಪ್ಪಜ್ಜ ಮುಖ್ಯ. ಅಕ್ಕ ಎದುರಾಡಲಿಲ್ಲ. ಹಳೆಯ ಲಾರಿ ಟೈರುಗಳನ್ನು ಸೀಳಿಸಿ ತಂದು, ರಸ್ತೆಗೆ ಅಡ್ಡಲಾಗಿ ಹಾಸಿ, ಅವುಗಳ ಮೇಲೆ ದಾಟಿಸಿದಳು. ಹಾಸುವ ಕೆಲಸ, ದಾಟಿದ ಮೇಲೆ ಎತ್ತಿಡುವ ಕೆಲಸ ನನ್ನದು.

“ಎಂಎ ಓದ್ಯಾನಂತ, ರಸ್ತಿಗೆ ಚಾಪಿ ಹಾಸಾಕ ಹತ್ಯಾನ ನೋಡ್ರೇ,” ಎಂದು ಹೊನ್ನೂರಮ್ಮ ಬೀಜದ ಬುಟ್ಟಿ ಹೊತ್ತುಕೊಂಡೇ ನಗುತ್ತಿದ್ದಳು. “ಸಾಪಾಗಿ ಹಾಸಪ್ಪ, ಮದಲಗಿತ್ತಿ ಬರ್ತಾಳ.”

“ಲೇ ಸೀನಾ, ಆಕಿ ಮಾತು ಕೇಳ್ಕಂತ ನಿಂದ್ರಬ್ಯಾಡ, ಎತ್ತು!” ಎಂದು ಮೇಲಿನಿಂದ ಅಕ್ಕ.

ಹೆಂಗಸರೆಲ್ಲ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಕೊಟ್ಟೂರಿನ ಖಾಸಗಿ ಕಾಲೇಜೊಂದರಲ್ಲಿ ಎರಡು ವರ್ಷ ಪಾಠ ಹೇಳಿ, ಓದುವವರು ಕಡಿಮೆಯಾದರೆಂದು ಬಿಡಿಸಿ ಕಳಿಸಿದ ಮೇಲೆ ಮನೆಯಲ್ಲಿದ್ದೆ. ಹೊತ್ತು ಹೊತ್ತಿಗೆ ಊಟವಿತ್ತು. ಅಕ್ಕ ಯಾವತ್ತೂ ಹಂಗಿಸಲಿಲ್ಲ. ಆದರೆ ಬಿತ್ತುವುದೇನು, ಮಾರುವುದೆಲ್ಲಿ, ಯಾವ ನೆಂಟರಿಗೆ ಏನು ಕೊಡುವುದು, ಇದಾವುದನ್ನೂ ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಕೇಳಿದ್ದರೆ ನನ್ನಲ್ಲಿ ಉತ್ತರವಿರುತ್ತಿತ್ತೋ ಇಲ್ಲವೋ ನನಗೇ ತಿಳಿಯದು.

ಅಪ್ಪ ತೀರಿದ ಮೇಲೆ ಟ್ರ್ಯಾಕ್ಟರಿನ ಕಾಗದ ನನ್ನ ಹೆಸರಿಗೆ ಬಂತು. ಗಂಡುಮಗನೆಂದು ಬರೆದರು, ಅಕ್ಕ ಸಹಿ ಹಾಕಿದಳು. ಅದನ್ನು ನಾನು ಮರೆತೇಬಿಟ್ಟಿದ್ದೆ. ಮರೆಯದೆ ಇದ್ದವನು ಭೀಮರಾಜ. ಊರಿನಲ್ಲೇ ದೊಡ್ಡ ಟ್ರ್ಯಾಕ್ಟರ್ ಅವನದು. ಪ್ರತಿ ವರ್ಷ ಅಕ್ಕನ ಏಳು ಸುತ್ತು ಮುಗಿದ ಮೇಲೆ, ಉಳಿದ ಕಲ್ಲು ನೆಲಕ್ಕೆ ಇಳಿಯುತ್ತಿದ್ದ. ಹೋದ ವರ್ಷ ದಸರೆ ಮುಗಿದ ಮೇಲೆ ಒಂದು ದಿನ ಚಹಾದಂಗಡಿಯಲ್ಲಿ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡ.

“ಬರ್ರಿ ಮೇಷ್ಟ್ರ. ರಸ್ತಿ ಅಂಚು ಒಡದೈತಿ, ನೋಡಿದ್ರಾ? ನಿಮ್ಮ ಗಾಲಿ ಹಲ್ಲು. ಜೋಗಪ್ಪಜ್ಜ ಕೆಂಡ ಆಗ್ಯಾನ.”

“ಅಕ್ಕನ್ನ ಕೇಳ್ರಿ,” ಎಂದೆ.

“ಆಕಿನ್ನ ಯಾಕ ಕೇಳ್ಲಿ? ಕಾಗದದಾಗ ಯಾರ ಹೆಸರೈತಿ? ಮಾಲೀಕ್ರು ನೀವು. ನನ್ನ ಹಳೇ ಗಾಡಿದು ಎರಡು ಟೈರು ರಿಮ್ಮಿನ ಸಮೇತ ಬಿದ್ದಾವ, ಸುಮ್ನ ಒಯ್ರಿ. ಓದಿದಾಂವ ಒಬ್ಬ ಮುಂದ ಬಂದು ಊರ ರಸ್ತಿ ಉಳಿಸಿದ ಅಂತ ನಾಕು ಮಂದಿ ಅನ್ಲಿ. ಇಲ್ಲಾಂದ್ರ ಹಿಂಗ ಚಾಪಿ ಹಾಸ್ಕಂತ ಇರ್ರಿ, ನನಗೇನು.”

ಅಂಗಡಿಯಲ್ಲಿದ್ದವರು ನಕ್ಕರು. ಕಬ್ಬಿಣದ ಗಾಲಿ ಹೋದರೆ ಕೆಸರಿಗೆ ಮೊದಲು ಇಳಿಯುವವನು ಭೀಮರಾಜನೇ ಎಂಬುದು ನನಗೆ ಹೊಳೆಯದೆ ಇರಲಿಲ್ಲ. ಹೊಳೆಯಿತು. ಹೊಳೆದದ್ದನ್ನು ಬದಿಗೆ ಸರಿಸಿ ಚಹಾ ಕುಡಿದೆ.

ಅದಾದ ವಾರಕ್ಕೆ ಹರಪನಹಳ್ಳಿಯಲ್ಲಿ ಸೋದರತ್ತೆ ತೀರಿಕೊಂಡಳೆಂದು ಫೋನು ಬಂತು. ಅಕ್ಕ ಮೂರು ದಿನಕ್ಕೆಂದು ಹೋದಳು. ಮರುದಿನ ಬೆಳಿಗ್ಗೆ ಭೀಮರಾಜನ ಟ್ರೇಲರಿನ ಮೇಲೆ ನಮ್ಮ ಟ್ರ್ಯಾಕ್ಟರ್ ಹೇರಿಸಿದೆ.

ಪಾಲಾಕ್ಷಪ್ಪ ಶೆಡ್ಡಿನ ಮುಂದೆ ನಿಂತು ಮೊದಲು ಗಾಲಿಯನ್ನು ನೋಡಿದ, ಆಮೇಲೆ ನನ್ನನ್ನು.

“ಜಂಬಕ್ಕ ಬರ್ಲಿಲ್ಲೇನು?”

“ಹರಪನಹಳ್ಳಿಗೆ ಹೋಗ್ಯಾಳ.”

“ಆಕಿಗೆ ಗೊತ್ತೈತೇನು ಇದು?”

ನಾನು ಗೋಡೆಗೆ ಒರಗಿಸಿದ್ದ ಸಿಲಿಂಡರ್ ನೋಡುತ್ತ ನಿಂತೆ. ನನ್ನಿಂದ ಮಾತು ಬರದಿದ್ದಾಗ ಅವನು ತನಗೆ ಸರಿಕಂಡ ಅರ್ಥ ಮಾಡಿಕೊಂಡು ಕೆಲಸಕ್ಕೆ ಬಗ್ಗಿದ. ಜಾಕ್ ಕೊಟ್ಟು ಗಾಲಿ ಬಿಚ್ಚಿದ, ಭೀಮರಾಜನ ರಿಮ್ಮನ್ನು ಉರುಳಿಸಿ ತಂದು ಹಿಡಿದು ನೋಡಿದ. ಅದರಲ್ಲಿ ಎಂಟು ತೂತು, ನಮ್ಮ ಗಾಲಿಯ ನಡುವಿನ ಗುಂಭದಲ್ಲಿ ಐದು.

“ಕೂಡಂಗಿಲ್ಲ,” ಎಂದ. “ಇದು ಗಾಲಿ ಬಿಚ್ಚಿ ಗಾಲಿ ಹಾಕೋ ಕೆಲ್ಸ ಅಲ್ರಿ. ಅರ ಅರ್ಧಕ್ಕ ಕೊಯ್ದು, ಆ ಮೊಂಡಕ್ಕ ಈ ರಿಮ್ಮು ಬೆಸಿಬೇಕು. ಒಮ್ಮಿ ಕೊಯ್ದ್ರ ಕಬ್ಬಿಣದ ಗಾಲಿ ಮತ್ತ ಆಗಂಗಿಲ್ಲ. ಕೇಜ್‌ವೀಲೂ ಕಟ್ಟಾಕ ಬರಂಗಿಲ್ಲ, ಬೆಸುಗಿ ಹರೀತೈತಿ. ಕೆಸರಿನ ಕೆಲ್ಸ ಇದಕ್ಕ ಮುಗೀತು ಅಂತ ತಿಳ್ಕರಿ. ಒಂದು ಚಾ ಕುಡ್ದು, ವಿಚಾರ ಮಾಡಿ ಬರ್ರಿ.”

ಅಲ್ಲಿಯವರೆಗೆ ನಾನು ನನಗೆ ಹೇಳಿಕೊಂಡಿದ್ದು ಬೇರೆ. ಸದ್ಯಕ್ಕೆ ಟೈರು ಹಾಕಿಸುವುದು, ನೀರು ಸರಿದಾಗ ಹಳೆಯ ಗಾಲಿಯನ್ನೇ ಮತ್ತೆ ಬಿಗಿದರಾಯಿತು. ಈಗ ಆ ನೆಪವೂ ಉಳಿಯಲಿಲ್ಲ. ರಸ್ತೆ ದಾಟಿ ಚಹಾ ಕುಡಿದೆ. ಎದುರಿಗೇ ಬಸ್ಸು ನಿಂತಿತ್ತು. ಹತ್ತಿ ಊರಿಗೆ ಹೋಗಬಹುದಿತ್ತು, ಟ್ರ್ಯಾಕ್ಟರನ್ನು ಹಾಗೇ ವಾಪಸ್ ಹೇರಿಸಬಹುದಿತ್ತು. ಎರಡನ್ನೂ ಮಾಡದೆ ತಿರುಗಿ ಬಂದೆ. ಪಾಲಾಕ್ಷಪ್ಪ ಒಂದು ಸ್ಟೂಲು ಎಳೆದು, ಹೆಗಲ ಮೇಲಿನ ಬಟ್ಟೆಯಿಂದ ಒರೆಸಿ, “ಕುಂದರ್ರಿ ಯಜಮಾನ್ರ” ಎಂದ.

ಮೂವತ್ತನಾಲ್ಕು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ. ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಭೀಮರಾಜ ತೋರಿಸಿದ ಆಸೆಗೂ ಅಲ್ಲ, ರಸ್ತೆಯ ಮೇಲಿನ ಕಾಳಜಿಗೂ ಅಲ್ಲ, ನಾನು ಆ ಒಂದು ಸ್ಟೂಲಿಗೆ ನನ್ನನ್ನು ಮಾರಿಕೊಂಡೆ.

ಪಾಲಾಕ್ಷಪ್ಪ ಗಾಲಿಯನ್ನು ನೆಲಕ್ಕೆ ಮಲಗಿಸಿ, ನಡುವಿನಿಂದ ದಾರ ಹಿಡಿದು, ಅರ ಅರಕ್ಕೂ ಸೀಮೆಸುಣ್ಣದ ಗೆರೆ ಎಳೆದ. ನನ್ನ ಕೈ ಹಿಡಿದು ಕಬ್ಬಿಣದ ಮೇಲಿಟ್ಟ.

“ಕೊಯ್ಯಲೇನ್ರಿ?”

“ಹ್ಞೂಂ.”

“ಹ್ಞೂಂ ಅಂದ್ರ ನಡಿಯಂಗಿಲ್ಲ. ಬಾಯಿಬಿಟ್ಟು ಹೇಳ್ರಿ. ಕೊಯ್ಯಲೇನ್ರಿ?”

“ಕೊಯ್ರಿ.”

ಇನ್ನೂ ಎರಡು ಸಲ ಕೇಳಿದ, ಎರಡು ಸಲವೂ ಹೇಳಿದೆ. ಕೊನೆಯ ಸಲ ನನ್ನ ದನಿ ಗಟ್ಟಿಯಾಗಿಯೇ ಇತ್ತು.

ಗಾಲಿ ಸೊಟ್ಟಗಾಗದಿರಲೆಂದು ಅವನು ಎದುರುಬದುರಿನ ಅರಗಳನ್ನು ಜೋಡಿಯಾಗಿ ಕೊಯ್ಯುತ್ತ ಬಂದ. ಹನ್ನೆರಡನೆಯದು ಕಡಿದಾಗ ಹೊರಗಿನ ಬಳೆ ಒಂದು ಬೆರಳಿನಷ್ಟು ಕೆಳಕ್ಕೆ ಕುಸಿಯಿತು. ದೊಡ್ಡ ಸದ್ದೇನೂ ಆಗಲಿಲ್ಲ. ಅಪ್ಪ ಬಡಿದು ಕೂರಿಸಿದ ಹಲ್ಲುಗಳು ಅದರ ಸುತ್ತ ಹಾಗೇ ಇದ್ದವು. ಸಂಜೆ ಆ ಎರಡೂ ಬಳೆಗಳನ್ನು ಗುಜರಿಗೆ ಹಾಕುತ್ತೇನೆಂದು ಭೀಮರಾಜನ ಡ್ರೈವರ್ ಹಂಪೇಶ್ ಹೇರಿಕೊಂಡ. ಬೇಡವೆನ್ನಲಿಲ್ಲ.

ಅಕ್ಕ ಬಂದವಳು ಚೀಲವನ್ನು ಕೈಯಲ್ಲಿ ಹಿಡಿದೇ ಟ್ರ್ಯಾಕ್ಟರನ್ನು ಒಂದು ಸುತ್ತು ಹಾಕಿದಳು. ಬೆಸುಗೆಯ ಗಂಟಿನ ಮೇಲೆ ಬೆರಳಾಡಿಸಿದಳು. ಮೊಂಡು ಅರಗಳನ್ನು ಎಣಿಸುತ್ತಿದ್ದಾಳೇನೋ ಎನ್ನುವ ಹಾಗೆ ಅಲ್ಲೇ ನಿಂತಳು. ಆಮೇಲೆ ಕಾಲು ತೊಳೆದು ಒಳಗೆ ಹೋಗಿ ಒಲೆ ಹಚ್ಚಿದಳು. ನಾನು ಬೈಗುಳಕ್ಕೆ ಕಾದೆ. ಬೈದರೆ ಆಡಲು ನಾನೂ ನಾಲ್ಕು ಮಾತು ತಯಾರು ಮಾಡಿಕೊಂಡಿದ್ದೆ, ಕಾಗದ, ರಸ್ತೆ, ದೈವ ಎಂದು. ಅವಳು ತಟ್ಟೆಗೆ ಬಡಿಸಿದಳು, ಉಂಡೆ. ಹೊನ್ನೂರಮ್ಮ ಓಡಿ ಬಂದು ಅಂಗಳದಲ್ಲೇ ನಿಂತು, “ಯವ್ವಾ ಜಂಬಕ್ಕ, ಗಾಲಿ ಎಲ್ಲೇ? ಯಾರು ಕೊಯ್ಸಿದ್ದು?” ಎಂದು ಕೂಗಿದಳು. ಅಕ್ಕ ನನ್ನ ಕಡೆ ನೋಡಿದಳು. ನಾನು ತಟ್ಟೆ ನೋಡಿದೆ.

ಚಳಿ ಕಳೆದು ನೀರು ಸರಿಯಿತು. ಮೊದಲ ದಿನವೇ ಅಕ್ಕ ಟ್ರ್ಯಾಕ್ಟರನ್ನು ದಂಡೆಗೆ ಒಯ್ದಳು. ರಸ್ತೆಯ ಮೇಲೆ ಟೈರು ಸದ್ದಿಲ್ಲದೆ ಉರುಳಿತು. ಕೆಸರಿಗೆ ಇಳಿದು ಎರಡು ಮಾರು ಹೋಗುವಷ್ಟರಲ್ಲಿ ಟೈರಿನ ಗೀರುಗಳಲ್ಲಿ ಮೆಕ್ಕಲು ತುಂಬಿ ನುಣ್ಣಗಾದವು. ಗಾಲಿ ನಿಂತಲ್ಲೇ ತಿರುಗಿ ಅಚ್ಚಿನವರೆಗೆ ಹೂತಿತು. ಆರು ಮನೆಯ ಹೆಂಗಸರು ಹಗ್ಗ ಕಟ್ಟಿ ಮಧ್ಯಾಹ್ನದವರೆಗೆ ಎಳೆದು ಹೊರಕ್ಕೆ ತಂದರು. ನಾನೂ ಹಗ್ಗ ಹಿಡಿದಿದ್ದೆ. ಆ ಸಲ ಯಾರೂ ನನ್ನನ್ನು ತಮಾಷೆ ಮಾಡಲಿಲ್ಲ. ಮೂರು ದಿನ ಕಳೆದು ಭೀಮರಾಜನ ಟ್ರ್ಯಾಕ್ಟರ್ ಕೇಜ್‌ವೀಲ್ ಕಟ್ಟಿಕೊಂಡು ಇಳಿದು, ಅಕ್ಕನ ಏಳು ಸುತ್ತುಗಳನ್ನೂ ಒಂದೇ ದೊಡ್ಡ ಸುತ್ತಿನೊಳಗೆ ಸೇರಿಸಿಕೊಂಡಿತು.

ಹೊನ್ನೂರಮ್ಮ ಬಿಡಲಿಲ್ಲ. ಕಟ್ಟಳೆಯಲ್ಲಿ ಇನ್ನೊಂದು ಮಾತೂ ಇತ್ತು. ಮೋಸದಿಂದ ಯಾರದಾದರೂ ಬಂಡಿ, ನೇಗಿಲು ಕೆಡಿಸಿದ್ದರೆ ಹಿಂದಿನ ವರ್ಷದ ಸುತ್ತು ಕಳೆದುಕೊಂಡವರಿಗೇ ನಿಲ್ಲುತ್ತದೆ. ಅದನ್ನು ಹಿಡಿದು ಅವಳು ದೈವ ಕೂಡಿಸಿದಳು. ಕಟ್ಟೆಯ ಮೇಲೆ ಜೋಗಪ್ಪಜ್ಜ ಮತ್ತು ಹಿರಿಯರು, ಕೆಳಗೆ ಒಂದು ಬದಿಗೆ ಹೆಂಗಸರು, ಇನ್ನೊಂದು ಬದಿಗೆ ಭೀಮರಾಜ. ಅಕ್ಕ ಬೇವಿನ ಬೊಡ್ಡೆಗೆ ಒರಗಿ ನಿಂತಿದ್ದಳು.

“ಆ ಟ್ರ್ಯಾಕ್ಟರ್ ಹೊಡಿಯಾಕಿ ಜಂಬಕ್ಕ,” ಎಂದ ಜೋಗಪ್ಪಜ್ಜ. “ಕಾಗದ ಯಾರ ಹೆಸರಾಗರ ಇರ್ಲಿ, ದೈವಕ್ಕ ಅದು ಬ್ಯಾಡ. ಆಕಿಗೆ ಗೊತ್ತಿಲ್ದಂಗ ಗಾಲಿ ಕೊಯ್ಸಿದ್ರ ಅದು ಮೋಸ, ಏಳೂ ಸುತ್ತು ಹೆಣ್ಮಕ್ಕಳವು. ಗೊತ್ತಿದ್ದು ಕೊಯ್ಸಿದ್ರ ಭೀಮರಾಜಂದು. ಹೇಳಪ್ಪ ಸೀನಾ, ನೀನ ಒಯ್ದಿದ್ದಂತ. ಆಕಿಗೆ ಗೊತ್ತಿತ್ತೋ ಇಲ್ಲೋ?”

ಇಲ್ಲ ಎನ್ನಬೇಕಿತ್ತು. ಒಂದೇ ಮಾತು. ಪಾಲಾಕ್ಷಪ್ಪನ ಶೆಡ್ಡಿನಲ್ಲಿ ಗಟ್ಟಿಯಾಗಿ ಬಂದಿದ್ದ ದನಿ ಇಲ್ಲಿ ಬರಲಿಲ್ಲ. ಭೀಮರಾಜ ತನ್ನ ಉಗುರು ನೋಡಿಕೊಳ್ಳುತ್ತಿದ್ದ. ಅಂಜಿನಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ನನ್ನ ತುಟಿಯನ್ನೇ ನೋಡುತ್ತಿದ್ದಳು. ಕಟ್ಟೆಯ ಮೇಲೆ ಯಾರೋ ಕೆಮ್ಮಿದರು. ಮೌನವೆಂದರೆ ನನಗೆ ಮೊದಲಿನಿಂದಲೂ ಪ್ರೀತಿ. ಅದರೊಳಗೆ ಏನೋ ಘನವಾದದ್ದು ಇರುತ್ತದೆಂದು ನಂಬಿದ್ದೆ. ಆ ದಿನ ಅದರೊಳಗೆ ಇದ್ದದ್ದು ಅಂಜಿಕೆ ಮಾತ್ರ.

“ಹುಲುಗಣ್ಣನ ಮಗ ಅದೀ. ಬಾಯಿ ಬಿಡು,” ಎಂದ ಅಜ್ಜ.

ಅಕ್ಕ ಬೊಡ್ಡೆ ಬಿಟ್ಟು ಮುಂದೆ ಬಂದಳು. “ನಾನ ಹೇಳಿ ಹೋಗಿದ್ನಿ. ರಸ್ತಿ ಕೆಡ್ತಿತ್ತು.”

“ಸುಳ್ಳು!” ಹೊನ್ನೂರಮ್ಮ ಎದ್ದು ನಿಂತಳು. “ಸುಳ್ಳು ಹೇಳ್ತಾಳ್ರಿ ಅಜ್ಜಾರ! ಲೇ ಜಂಬೀ, ಇವನ ಮಾರಿ ನೋಡಿ ನಮ್ಮ ಹೊಟ್ಟಿ ಮ್ಯಾಲೆ ಕಾಲಿಡ್ತೀಯೇನ?”

ಅಕ್ಕ ಅವಳ ಕಡೆ ತಿರುಗಲಿಲ್ಲ. ಜೋಗಪ್ಪಜ್ಜ ನನ್ನ ಕಡೆ ತಿರುಗಿದ. “ಹೌದೇನೋ?” ಎಂದ. ಅವನಿಗೆ ನಿಜ ಗೊತ್ತಿತ್ತೆಂದೇ ನನಗೆ ಈಗಲೂ ಅನ್ನಿಸುತ್ತದೆ. ನಿಜ ಹೇಳಲು ನನಗೆ ಕೊನೆಯ ಸಲ ಬಾಗಿಲು ತೆರೆದು ಹಿಡಿದಿದ್ದ.

ನಾನು ತಲೆಯಾಡಿಸಿದೆ, ಹೌದೆಂದು.

ಮನೆಗೆ ಬಂದ ಮೇಲೆ, ತಡೆಯಲಾರದೆ ಕೇಳಿದೆ. “ಯಾಕ ಹಂಗಂದಿ ಅಕ್ಕ?”

ಅವಳು ಒಣಗಿದ ಬೀಜದ ಚೀಲಗಳನ್ನು ಮಡಚಿಡುತ್ತಿದ್ದಳು. ಈ ವರ್ಷ ಅವು ಬೇಕಾಗಿರಲಿಲ್ಲ. “ನಿನಗಂತ ಅನ್ಲಿಲ್ಲ. ನೀ ಹೇಳ್ತೀಯಂತ ಕಾದ್ನಿ. ಊರಿಗೆ ಊರ ಕಾದ್ತು. ಅಷ್ಟು ಮಂದ್ಯಾಗ ಅಪ್ಪನ ಹೆಸರು ಹಿಡ್ದು ಕರದ್ರೂ ನಿನ್ನ ಬಾಯಿ ಬರ್ಲಿಲ್ಲ. ಇನ್ನ ಒಂದು ಗಳಿಗಿ ಬಿಟ್ಟಿದ್ರ ಹುಲುಗಣ್ಣ ಕಳ್ಳನ್ನ ಹೆತ್ತಾನ ಅಂತಿದ್ರು. ಅದನ್ನ ಕೇಳಾಕ ನನ್ನ ಕೈಲಿ ಆಗ್ಲಿಲ್ಲ. ಆರು ಮನಿ ಅನ್ನ ತಗದ್ನಿ ಅದಕ್ಕ.”

ಅದೇ ಅವಳು ಆ ಬಗ್ಗೆ ಆಡಿದ ಕೊನೆಯ ಮಾತು.

ಮರುದಿನ ಭೀಮರಾಜನ ಟ್ರ್ಯಾಕ್ಟರ್ ಉಳಲು ಇಳಿದು ಹೂತಿತು. ಎತ್ತಿದರು, ಇನ್ನೊಂದು ಕಡೆ ಮತ್ತೆ ಹೂತಿತು. ಆ ಮೆಕ್ಕಲಿನ ಅಡಿಯಲ್ಲಿ ಎಲ್ಲಿ ಮುಳುಗಿದ ಬಾವಿಯಿದೆ, ಎಲ್ಲಿ ಹಳ್ಳ ಹರಿಯುತ್ತಿತ್ತು ಎಂಬುದು ಹಂಪೇಶನಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಬ್ಬಳಿಗೇ. ಭೀಮರಾಜನೇ ಅಂಗಳದವರೆಗೆ ಬಂದು, “ಜಂಬಕ್ಕಾರ, ಕೂಲಿ ಏನಂತೀರೋ ಅದು. ಒಂದು ನಾಕು ದಿನ ಹೊಡ್ದು ಕೊಡ್ರಿ,” ಎಂದು ನಿಂತ. ನಾನು ಬಾಗಿಲಲ್ಲಿದ್ದೆ, ಅವನು ನನ್ನನ್ನು ನೋಡಲೂ ಇಲ್ಲ. ಅಕ್ಕ ಗೂಟದ ಮೇಲಿನ ಅಪ್ಪನ ಅಂಗಿ ತೆಗೆದು ತೊಟ್ಟುಕೊಂಡು ಅವನ ಹಿಂದೆ ಹೋದಳು.

ಮಧ್ಯಾಹ್ನ ಬುತ್ತಿ ಕಟ್ಟಿಕೊಂಡು ಹೊಳೆಗೆ ಹೋದೆ. ಭೀಮರಾಜನ ಟ್ರ್ಯಾಕ್ಟರಿನ ಮೇಲೆ ಅಕ್ಕ ಎತ್ತರದಲ್ಲಿ ಕೂತಿದ್ದಳು. ಎಲ್ಲೂ ಹೂತುಹೋಗದಂತೆ, ಬಾವಿ ಇದ್ದ ಜಾಗ ಬಂದಾಗ ಬಳಸಿಕೊಂಡು, ನೇರವಾದ ಸಾಲು ತೆಗೆಯುತ್ತಿದ್ದಳು. ಹಿಂದೆ ಆರು ಮನೆಯ ಹೆಂಗಸರು ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡು ಭೀಮರಾಜನ ಬೀಜ ಉದುರಿಸುತ್ತ ಬರುತ್ತಿದ್ದರು. ಅವರಿಗೆ ದಿನಗೂಲಿ. ಹೊನ್ನೂರಮ್ಮ ಎಲ್ಲರಿಗಿಂತ ಹಿಂದೆ, ಅಕ್ಕನ ಬೆನ್ನು ಕಾಣದಷ್ಟು ದೂರದಲ್ಲಿ ಬರುತ್ತಿದ್ದಳು.

ನಾನು ಒಣಗಿದ ನೆಲ ನೋಡಿಕೊಂಡು ಸಾಲಿನ ತುದಿಯಲ್ಲಿ ನಿಂತಿದ್ದೆ. ಟ್ರ್ಯಾಕ್ಟರ್ ಹತ್ತಿರ ಬಂದು ನಿಂತಿತು. ಅಕ್ಕ ಎಂಜಿನಿನ ಸದ್ದು ಇಳಿಸಿ, ಕೆಳಗೆ ಬಗ್ಗಿದಳು. ಬುತ್ತಿ ಎತ್ತಿ ಹಿಡಿದೆ. ಅವಳು ಅದನ್ನು ನೋಡಲಿಲ್ಲ.

“ಬಾಜೂಕ ಸರೀರಿ,” ಎಂದಳು, ಪರವೂರಿನ ಯಾವನೋ ಗಂಡಸಿಗೆ ಹೇಳುವಂತೆ. “ಸಾಲು ಬರ್ತೈತಿ.”

ನಾನು ಸರಿದು ನಿಂತೆ.